ಗುರಿ ಮುಟ್ಟಿದ ತರಗತಿ

ಕಾಲೇಜು ಬಡಾವಣೆಯ ಹೆಂಗಸರಿಗಾಗಿ ನಡೆಸುತ್ತಿದ್ದ ರಿಪೇರಿ ತರಗತಿಗೆ ಅವಳು ಹೋದ ಮೊದಲ ದಿನವೇ ಮೇಷ್ಟ್ರು ಅವಳ ಕೈಗೆ ಸ್ಕ್ರೂ ಡ್ರೈವರ್ ಕೊಟ್ಟು, "ಲೇಟಾಗಿ ಬಂದಿದ್ದೀರಿ, ಹೋಗ್ಲಿ. ಈ ಫ್ಯಾನ್ ಬಿಚ್ಚಿ" ಎಂದುಬಿಟ್ಟರು.

"ನಾನು ರಿಪೇರಿ ಕಲಿಯೋಕೆ ಬಂದಿಲ್ಲ. ನಿಮ್ಮ ತರಗತಿಯಿಂದ ಬಡಾವಣೆಗೆ ಏನು ಉಪಯೋಗ ಆಯ್ತು ಅಂತ ನೋಡಿ ವರದಿ ಬರಿ ಅಂತ ಕಾಲೇಜು ಕಳ್ಸಿದೆ."

ಕಲಿಯಲು ಕೂತಿದ್ದ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಮೇಷ್ಟ್ರ ಕಿವಿ ಕೆಂಪಾಯಿತು. ಅದನ್ನು ನೋಡಿಯೇ ಅವಳು ಅರ್ಧ ಸೋತುಹೋದಳು, ಪಾಪ.

ಆಮೇಲೆ ಕಲಿತವರ ಮನೆ ತೋರಿಸಲು ಮೇಷ್ಟ್ರು ಜೊತೆಯಾದರು, ಇಬ್ಬರೂ ಮನೆಮನೆ ಸುತ್ತಿದರು. ಕಲಿತವರು ಉತ್ತರ ಹೇಳುವಾಗ ಕಲಿಸಿದವರು ಎದುರಿಗಿರಬಾರದೆಂಬುದು ನಿಯಮ. ಹಾಗಾಗಿ ಮೇಷ್ಟ್ರು ಬಿಸಿಲಲ್ಲಿ ಹೊರಗೇ ನಿಲ್ಲುತ್ತಿದ್ದರು. ಅವಳು ಬೇಕೆಂದೇ ಇನ್ನೊಂದು ಪ್ರಶ್ನೆ ಕೇಳಿ ಕಿಟಕಿಯಿಂದ ಅವರನ್ನು ಕದ್ದು ನೋಡುತ್ತಿದ್ದಳು. ಕಣ್ಣು ಕೂಡಿದರೆ ಸಾಕು, ಇಬ್ಬರಿಗೂ ಗೋಡೆಯ ಬಣ್ಣದ ಮೇಲೆ ಎಲ್ಲಿಲ್ಲದ ಆಸಕ್ತಿ.

"ಮೇಷ್ಟ್ರೇ, ಯಾಕೆ ಸುಮ್ನೆ ಒಣಗ್ತೀರಿ? ಇವರ ಪ್ರಶ್ನೆ ಇವತ್ತಿಗೆ ಮುಗಿಯೋ ಹಾಗೆ ಕಾಣಲ್ಲ!" ಎಂದು ಒಬ್ಬ ಅಜ್ಜಿ ಕೂಗಿ ಹೇಳಿದಾಗ ಅವಳಿಗೆ ಎಲ್ಲಿ ಅಡಗಿಕೊಳ್ಳಲಿ ಎನ್ನಿಸಿತು.

ವರದಿಯಲ್ಲಿ ಅವಳು ಒಂದಕ್ಕೆ ಎರಡು ಸೇರಿಸಲಿಲ್ಲ. ಹೆಂಗಸರು ತಾವೇ ಅಂಗಡಿ ಇಟ್ಟಿದ್ದಾರೆ, ಸೊಸೆಯಂದಿರಿಗೂ ಕಲಿಸುತ್ತಿದ್ದಾರೆ ಎಂದು ಕಂಡದ್ದನ್ನೇ ಬರೆದಳು. ಒಳ್ಳೆಯ ವರದಿ ಹೋದರೆ ತರಗತಿ ಉಳಿಯುತ್ತದೆ, ಮೇಷ್ಟ್ರೂ ಇಲ್ಲೇ ಉಳಿಯುತ್ತಾರೆ ಎಂಬ ಆಸೆ ಬೇರೆ.

ಪ್ರಿನ್ಸಿಪಾಲರು ಓದಿ ಹಿಗ್ಗಿದರು. "ಭೇಷ್! ಇಲ್ಲಿ ಗುರಿ ಮುಟ್ಟಿತಲ್ಲ, ಇನ್ನು ತರಗತಿ ಮುಚ್ಚಿ ಮೇಷ್ಟ್ರನ್ನ ಗಡಿ ಕಡೆ ಶಾಖೆಗೆ ಕಳಿಸೋಣ. ಅಲ್ಲಿ ಏನೂ ಶುರುವಾಗಿಲ್ಲ."

ಅವಳು ತನ್ನ ಕೈಯಾರೆ ತಾನೇ ಮೇಷ್ಟ್ರನ್ನು ದೂರ ಕಳಿಸಿದ್ದಳು.

ಖಾಲಿ ತರಗತಿಯಲ್ಲಿ ಮೇಷ್ಟ್ರು ಸಾಮಾನು ಪೆಟ್ಟಿಗೆಗೆ ತುಂಬುತ್ತಿದ್ದರು.

"ಒಂದು ಕೊರತೆ ಆದ್ರೂ ಬರೀಬಹುದಿತ್ತು ನಾನು" ಎಂದು ಅತ್ತಳು.

"ಇಲ್ಲದ್ದನ್ನ ನೀವು ಬರೆಯೋರಲ್ಲ. ಅದಕ್ಕೇ ನಾನು ನಿಮ್ಮನ್ನ ಇಷ್ಟಪಟ್ಟಿದ್ದು. ನನ್ನ ಜೊತೆ ಬಂದುಬಿಡಿ."

ಹೇಗೆ ಹೋದಾಳು? ಅಕ್ಕ ತೀರಿಕೊಂಡ ಮೇಲೆ ಅವಳ ಎರಡು ಪುಟ್ಟ ಮಕ್ಕಳಿಗೆ ಇವಳೇ ಅಮ್ಮ. ಚಿಕ್ಕಮ್ಮ ಪಕ್ಕದಲ್ಲಿಲ್ಲದಿದ್ದರೆ ಅವು ನಿದ್ದೆ ಮಾಡುವುದಿಲ್ಲ. ಭಾವ ಮಕ್ಕಳನ್ನು ಅಷ್ಟು ದೂರ ಕಳಿಸಲು ಒಪ್ಪುವುದಿಲ್ಲ. ಇದನ್ನೆಲ್ಲ ಅವಳು ಹೇಳಿಬಿಟ್ಟಳು.

"ಹಾಗಾದ್ರೆ ಮಕ್ಕಳು ದೊಡ್ಡವರಾಗೋವರೆಗೆ ಕಾಯ್ಲಾ? ಎಷ್ಟು ವರ್ಷ ಆದ್ರೂ ಸರಿ."

ಕಾಯಿರಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಒಬ್ಬ ಮನುಷ್ಯನ ವಯಸ್ಸನ್ನೆಲ್ಲ ಬೇಡಲು ಅವಳಿಗೆ ಮನಸ್ಸು ಬರಲಿಲ್ಲ.

"ಬೇಡ. ನಾಲ್ಕು ದಿನ ಅಳ್ತೀನಿ, ಆಮೇಲೆ ಮರೆತುಬಿಡ್ತೀನಿ."

ಅವಳು ಸುಳ್ಳು ಹೇಳುವವಳಲ್ಲವೆಂದು ಮೇಷ್ಟ್ರಿಗೆ ಗೊತ್ತಿತ್ತಲ್ಲ. ನಂಬಿಬಿಟ್ಟರು, ಪೆಟ್ಟಿಗೆ ಎತ್ತಿಕೊಂಡು ಹೊರಟುಹೋದರು.