ಗಿಲಕಿ ಚೆಂಡಿನ ಪ್ರಶಸ್ತಿ

"ಕಣ್ಣಿಲ್ಲದವನ ಕೈಗೆ ರ‍್ಯಾಕೆಟ್ ಕೊಟ್ಟು ತಮಾಷೆ ನೋಡ್ತೀರಾ?"

ಹೋಬಾರ್ಟ್ ನಗರದ ಟೆನಿಸ್ ಅಂಗಳಕ್ಕೆ ಬಂದ ಮೊದಲ ದಿನವೇ ಲೀತ್ ಹೊರಿಗನ್ ಹೀಗೆ ಸಿಡುಕಿದ್ದ. ಅಪಘಾತದಲ್ಲಿ ದೃಷ್ಟಿ ಹೋಗಿ ಆಗಿನ್ನೂ ವರ್ಷ ತುಂಬಿರಲಿಲ್ಲ. ಅಕ್ಕ ಥೆಲ್ಮಾ ಬಲವಂತವಾಗಿ ಕರೆತಂದಿದ್ದಳು.

"ತಮಾಷೆ ಆಮೇಲೆ. ಮೊದಲು ಸರ್ವ್ ಮಾಡಿ," ಎಂದಿದ್ದಳು ಅಲ್ಲಿ ಆಟ ಕಲಿಸುವ ಗ್ವೆಂಡಾ ಟಲ್ಲಕ್.

ಒಳಗೆ ಗಿಲಕಿಯಿರುವ ಸ್ಪಂಜಿನ ಚೆಂಡು. ಅದರ ಸದ್ದನ್ನೇ ಹಿಂಬಾಲಿಸಿ ಹೊಡೆಯಬೇಕು. ನಾಲ್ಕು ವರ್ಷಗಳಲ್ಲಿ ಲೀತ್, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಆಡುತ್ತಿದ್ದ ಗ್ವೆಂಡಾಳನ್ನೇ ಸೋಲಿಸತೊಡಗಿದ. ಅವನು ಬರುವುದು ಐದು ನಿಮಿಷ ತಡವಾದರೂ ಅವಳಿಗೆ ಕೈಕಾಲು ಆಡುತ್ತಿರಲಿಲ್ಲ.

ಇದು ಪ್ರೀತಿಯೇ... ತನ್ನನ್ನು ತಾನು ಕೇಳಿಕೊಳ್ಳಲೂ ಹೆದರಿದಳು.

ಅಂಧರಿಗೆ ಟೆನಿಸ್ ಕಲಿಸಿದ್ದಕ್ಕಾಗಿ ಗ್ವೆಂಡಾಳಿಗೆ ರಾಜ್ಯದ ಟೆನಿಸ್ ಸೇವಾ ಪ್ರಶಸ್ತಿ ಘೋಷಣೆಯಾಯಿತು. ಅಭಿನಂದಿಸಲು ಬಂದ ಹಿರಿಯರೊಬ್ಬರು ಲೀತ್‌ನ ಎದುರೇ, ಇಂಥ ಪಾಪದವರಿಗಾಗಿ ಜೀವ ತೇಯುವುದಕ್ಕೆ ದೊಡ್ಡ ಮನಸ್ಸು ಬೇಕು ಎಂದುಬಿಟ್ಟರು. ಗ್ವೆಂಡಾ ಅವರನ್ನು ದುರುಗುಟ್ಟಿ ನೋಡಿದಳು. ಬಾಯಿ ಬಿಡಲಿಲ್ಲ.

ಮರುದಿನದಿಂದ ಲೀತ್ ಬರಲಿಲ್ಲ. ಫೋನ್ ಎತ್ತಲಿಲ್ಲ.

ಮೂರು ವಾರ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಬೇರೆಯವರಿಗೆ ಕಲಿಸುತ್ತಿದ್ದರೂ ಕಿವಿ ಮಾತ್ರ ಗೇಟಿನ ಕಡೆಗೇ.

ಪ್ರಶಸ್ತಿ ಪ್ರದಾನದ ಮಧ್ಯಾಹ್ನ ವೇದಿಕೆ ಹತ್ತಿದವಳೇ ಸಭೆಯೆಲ್ಲ ಹುಡುಕಿದಳು. ಹಿಂದಿನ ಸಾಲಿನಲ್ಲಿ ಥೆಲ್ಮಾ ಕಂಡಳು. ಪಕ್ಕದಲ್ಲಿ ತಲೆ ತಗ್ಗಿಸಿ ಕುಳಿತ ಲೀತ್! ಬರೆದು ತಂದಿದ್ದ ಭಾಷಣವನ್ನು ಗ್ವೆಂಡಾ ಮಡಚಿಟ್ಟಳು.

"ನಾನು ಯಾರಿಗೂ ಕರುಣೆ ತೋರಿಸಿಲ್ಲ. ಲೀತ್ ಹೊರಿಗನ್ ಹತ್ರ ಹದಿನೇಳು ಸಲ ಸೋತಿದ್ದೀನಿ. ಬಿಟ್ಟುಕೊಟ್ಟು ಸೋತಿದ್ದಲ್ಲ. ಮೂರು ವಾರದಿಂದ ಅವನು ಬಂದಿಲ್ಲ... ನನಗೆ ಆಡೋಕೇ ಮನಸ್ಸಿಲ್ಲ."

ಚಪ್ಪಾಳೆಯ ನಡುವೆಯೇ ಲೀತ್ ಎದ್ದು, ಕೋಲು ಹಿಡಿದು ಹೊರನಡೆದ. ಗ್ವೆಂಡಾ ಪ್ರಶಸ್ತಿಯನ್ನು ಮೇಜಿನ ಮೇಲೆಯೇ ಬಿಟ್ಟು ಹಿಂದೆ ಓಡಿದಳು. ಹೊರಗೆ ನದಿಯ ಗಾಳಿ ಜೋರಾಗಿತ್ತು.

"ಲೀತ್... ಅವತ್ತು ಆ ಹಿರಿಯರನ್ನ ನಾನು ಹೇಗೆ ನೋಡಿದೆ ಗೊತ್ತಾ? ಸುಟ್ಟುಬಿಡೋ ಹಾಗೆ."

"ನೀನು ನೋಡಿದ್ದು ನನಗೆ ಹೇಗೆ ಕಾಣಬೇಕು, ಗ್ವೆಂಡಾ? ನೀನು ಸುಮ್ಮನಿದ್ದೆ. ನನಗೆ ಗೊತ್ತಾಗಿದ್ದು ಅಷ್ಟೇ."

ನಾಲ್ಕು ವರ್ಷ ಅವನ ಜೊತೆ ಆಡಿಯೂ ಇಷ್ಟು ತನಗೆ ಹೊಳೆಯಲಿಲ್ಲವೇ?

"ಹಾಗಾದ್ರೆ ಈಗ ಕೇಳಿಸ್ಕೊ. ನಾನು ನಿನ್ನ ಪ್ರೀತಿಸ್ತೀನಿ."

ಲೀತ್ ಕೈ ಚಾಚಿದ. ಬೆರಳಿಗೆ ಒದ್ದೆ ಕೆನ್ನೆ ಸಿಕ್ಕಿತು.

"ಅಳ್ತಿದ್ದೀಯಾ?"

"ಗಾಳಿಗೆ."

"ಸುಳ್ಳುಬುರುಕಿ," ಎನ್ನುತ್ತ ಅವಳನ್ನು ಎದೆಗೊತ್ತಿಕೊಂಡ. "ನಾಳೆ ಎಷ್ಟು ಗಂಟೆಗೆ ಬರಲಿ?"

"ಬಂದಾಯ್ತಲ್ಲ... ಇನ್ನು ಹೋಗ್ಬೇಡ."