ಜಡೆಮ್ಮನ ಕನ್ನಡಿ

"ಹೊರಗೆ ಹೋಗಿ!"

ತನ್ನ ಬಾಯಿಂದ ಹೊರಟ ಕೂಗಿಗೆ ಅವಳೇ ಬೆಚ್ಚಿಬಿದ್ದಳು. ಬಾಗಿಲಲ್ಲಿ ನಿಂತಿದ್ದವನು ಕಳ್ಳನಲ್ಲ, ಪರಪುರುಷನೂ ಅಲ್ಲ. ನಿಕಾಹ್ ಆದ ಗಂಡ. ಮರೆತುಹೋದ ಅಳತೆ ಪಟ್ಟಿಯನ್ನು ತೆಗೆದುಕೊಂಡು ಹೋಗಲು ಹಾಡಹಗಲೇ ತನ್ನದೇ ಮನೆಯ ತನ್ನದೇ ಕೋಣೆಗೆ ಬಂದಿದ್ದ, ಅಷ್ಟೇ.

ರಜೆಯ ದಿನ. ಅವಳು ಕಿಟಕಿಯ ಬಳಿ ಕೂತು ಒದ್ದೆ ಕೂದಲು ಒಣಗಿಸಿಕೊಳ್ಳುತ್ತಿದ್ದಳು. ಚಿಲಕ ಹಾಕಿದ್ದೇನೆ ಅಂತಲೇ ನಂಬಿದ್ದಳು. ಕೂಗಿದವಳೇ ಮಡಿಲಲ್ಲಿದ್ದ ದುಪಟ್ಟಾವನ್ನು ತಲೆಯ ಮೇಲೆ ಎಳೆದುಕೊಂಡು, ಗೋಡೆಯ ಕಡೆ ತಿರುಗಿ ಮುದುಡಿ ಕೂತಳು.

ಅವನು ಹಾವು ತುಳಿದವನ ಹಾಗೆ ಹಿಂದೆ ಸರಿದ. "ತಪ್ಪಾಯ್ತು," ಅಂದ. ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು. ಅಳತೆ ಪಟ್ಟಿ ಮೇಜಿನ ಮೇಲೇ ಉಳಿಯಿತು.

'ನೋಡಿಬಿಟ್ರಾ...? ಎಷ್ಟು ನೋಡಿದ್ರು...?'

ಆ ತಲೆಯಲ್ಲಿ ಅಂಥದ್ದೇನಿತ್ತು ಅಂತ ಕೇಳಬೇಡಿ. ಏನಿರಲಿಲ್ಲ ಅನ್ನುವುದೇ ಈ ಕಥೆ.

ಚಿಕ್ಕಂದಿನಲ್ಲಿ ಅವಳ ಕೂದಲು ಮೊಣಕಾಲು ಮುಟ್ಟುತ್ತಿತ್ತು. ತವರಿನಲ್ಲಿ ಯಾರೂ ಅವಳನ್ನು ಹೆಸರು ಹಿಡಿದು ಕರೆದವರಲ್ಲ, ಎಲ್ಲರ ಬಾಯಲ್ಲೂ 'ಜಡೆಮ್ಮ'. ದೊಡ್ಡವಳಾದಳು, ನರ್ಸ್ ಆದಳು, ಡಯಾಲಿಸಿಸ್ ವಾರ್ಡಿನಲ್ಲಿ ಬೆಳಗಿನ ಪಾಳಿ ಸಿಕ್ಕಿತು. ಅಲ್ಲಿಂದ ಶುರುವಾಯಿತು ನೋಡಿ. ನಸುಕಿನಲ್ಲೇ ಸ್ನಾನ. ನೀರು ತೊಟ್ಟಿಕ್ಕುವ ಕೂದಲನ್ನು ಹಿಂಡಿ, ಹಿಂದಲೆಯ ಮೇಲೆ ಬಿಗಿಯಾಗಿ ಒಂದು ಗಂಟು. ಅದರ ಮೇಲೆ ಜಾರದ ಹಾಗೆ ಹಣೆ ಹಿಡಿಯುವ ಒಳಟೋಪಿ. ಅದರ ಮೇಲೆ ಹಿಜಾಬ್, ನಾಲ್ಕು ಕಡೆ ಪಿನ್ನು. ವಾರ್ಡಿಗೆ ಕಾಲಿಟ್ಟ ಮೇಲೆ ಅದರ ಮೇಲೊಂದು ಆಸ್ಪತ್ರೆಯ ಟೋಪಿ. ಸಂಜೆ ಬಿಚ್ಚಿದರೆ ಕೂದಲು ಬೆಳಗ್ಗೆ ಕಟ್ಟಿದ ಹಾಗೇ ಒದ್ದೆ.

ವರ್ಷಗಟ್ಟಲೆ ಹೀಗೇ ನಡೆಯಿತು. ಅವಳ ಅಮ್ಮನೂ ಹಿಜಾಬ್ ಹಾಕುತ್ತಿದ್ದಳು, ಅಜ್ಜಿಯೂ ಹಾಕುತ್ತಿದ್ದಳು. ಅವರ ಕೂದಲಿಗೇನೂ ಆಗಿರಲಿಲ್ಲ. ಬಟ್ಟೆಯ ತಪ್ಪಲ್ಲ ಇದು, ಕಟ್ಟುವ ಕೈಯ ಅವಸರದ ತಪ್ಪು. ಮೊದಲು ಹಣೆಯ ಅಂಚು ಹಿಂದಕ್ಕೆ ಸರಿಯಿತು. ಆಮೇಲೆ ಎರಡೂ ಕಿವಿಗಳ ಮೇಲೆ ಬೋಳು. ಆಮೇಲೆ ಗಂಟು ಕೂರುತ್ತಿದ್ದ ಜಾಗದಲ್ಲಿ ಅಂಗೈಯಗಲದ ನುಣುಪು. ಮಿಕ್ಕಿದ್ದು ಇಲಿಬಾಲದಂಥ ಒಂದು ಜಡೆ.

ಅವಳದೇ ಆಸ್ಪತ್ರೆಯ ಚರ್ಮದ ಡಾಕ್ಟರಮ್ಮ ಹೇಳಿದ್ದು ಸರಳ. ಪೂರ್ತಿ ಒಣಗಿಸಿ ಕಟ್ಟು, ಕೆಳಗೆ ಸಡಿಲ ಜಡೆ ಹಾಕು, ಒಳಟೋಪಿ ಸಡಿಲ ಮಾಡು, ಔಷಧಿ ಹಚ್ಚು, ಮನೆಗೆ ಬಂದ ಕೂಡಲೇ ಎಲ್ಲ ಬಿಚ್ಚಿ ಗಾಳಿಗೆ ಬಿಡು. ಹಿಂದಿನದು ಬರಬಹುದು, ಹಣೆಯದು ಹೇಳಲಾಗುವುದಿಲ್ಲ ಅಂತಲೂ ಅಂದಿದ್ದರು. ಅವಳು ಎಲ್ಲವನ್ನೂ ಪಾಲಿಸಿದಳು, ಕೊನೆಯದೊಂದನ್ನು ಬಿಟ್ಟು. ಲೋಕದಲ್ಲಿ ತಲೆ ಬಿಚ್ಚಿ ಕೂರಬಹುದಾದ ಜಾಗ ಅಂತಿದ್ದರೆ ಅದು ಮನೆ. ಆ ಮನೆಯಲ್ಲೇ ಅವಳು ಹೊರಗಿಗಿಂತ ಬಿಗಿಯಾಗಿ ಮುಚ್ಚಿಕೊಳ್ಳುತ್ತಿದ್ದಳು!

ಯಾಕೆಂದರೆ ಹೆಣ್ಣು ನೋಡಲು ಬಂದ ದಿನ ಅವಳ ಚಿಕ್ಕಮ್ಮ ಬಾಯಿ ಬಿಟ್ಟಿದ್ದಳು. ಗಂಡಿನ ತಾಯಿ ಕೂದಲ ಮಾತೆತ್ತಿದ ಕೂಡಲೇ ಹಳೆಯ ಫೋಟೋ ತಂದು ತೋರಿಸಿ, ಜಡೆಮ್ಮ ಅಂತ ಸುಮ್ಮನೆ ಕರೀತೀವಾ ಅಂದಿದ್ದಳು. ಜಡೆಮ್ಮ ತಲೆ ತಗ್ಗಿಸಿ ಕೂತಿದ್ದಳು. ಎಲ್ಲರೂ ಅದನ್ನು ನಾಚಿಕೆ ಅಂದುಕೊಂಡರು. ಅದು ಭಯವಾಗಿತ್ತು.

'ಸುಮ್ಮನಿದ್ದೆ. ಸುಮ್ಮನಿದ್ದದ್ದೂ ಮೋಸವೇ ಅಲ್ವಾ...'

ಗಂಡನದು ಗಾಜು, ಕನ್ನಡಿಗಳ ಅಂಗಡಿ. ಮಾತು ಕಡಿಮೆ, ಬೆರಳ ತುಂಬ ಗಾಜು ಗೀರಿದ ಹಳೆಯ ಗೆರೆಗಳು. ಮದುವೆಗೆ ಅವಳಿಗೆಂದು ಆಳೆತ್ತರದ ಕನ್ನಡಿ ಮಾಡಿದ್ದ. ಕೈ ತಗುಲಿದರೂ ಗೀರದ ಹಾಗೆ ಅಂಚನ್ನು ತಾನೇ ಉಜ್ಜಿ ನುಣುಪು ಮಾಡಿದ್ದ. ಜಡೆಯ ತುದಿವರೆಗೂ ಕಾಣಲಿ ಅಂತ ಇಷ್ಟು ಉದ್ದ ಮಾಡಿದೆ ಅಂತ ಮೊದಲ ದಿನ ಹೇಳಿ, ಹೇಳಿದ್ದಕ್ಕೇ ಕಿವಿ ಕೆಂಪು ಮಾಡಿಕೊಂಡಿದ್ದ.

ಮರುದಿನವೇ ಅವಳು ಕನ್ನಡಿಗೆ ಚಾದರ ಹೊದಿಸಿದಳು. ಬಿಸಿಲು ಬಿದ್ದು ಕಣ್ಣಿಗೆ ಚುಚ್ಚುತ್ತೆ, ತಲೆನೋವು ಬರುತ್ತೆ ಅಂದಳು. ಆ ಗೋಡೆಗೆ ಬಿಸಿಲು ಬೀಳುತ್ತಲೇ ಇರಲಿಲ್ಲ. ಅವನು ಚಾದರವನ್ನೊಮ್ಮೆ, ಅವಳನ್ನೊಮ್ಮೆ ನೋಡಿ ಅಂಗಡಿಗೆ ಹೊರಟ. ತಲೆನೋವಿನ ನೆಪ ಎಲ್ಲದಕ್ಕೂ ಒದಗಿಬಂತು. ಮಲಗುವಾಗಲೂ ತಲೆಗೆ ಬಟ್ಟೆ, ಏಳುವಾಗಲೂ ಬಟ್ಟೆ. ಅವನು ಒಂದು ದಿನವೂ ತೆಗಿ ಅನ್ನಲಿಲ್ಲ.

ಅತ್ತೆ ಸುಮ್ಮನಿರುವ ಜಾತಿಯಲ್ಲ. ವಾರಕ್ಕೊಮ್ಮೆ ಎಣ್ಣೆ ಬೆಚ್ಚಗೆ ಮಾಡಿ ಬಟ್ಟಲು ಹಿಡಿದು ಬರುವಳು, ಬಾರೇ ಜಡೆಮ್ಮ ಅನ್ನುವಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಜಡೆ ಅಂದ ಕೂಡಲೇ ಸೊಸೆಯ ಕೈ ದುಪಟ್ಟಾಕ್ಕೆ ಹೋಗುತ್ತಿತ್ತು. ಆಗಲೇ ಹಚ್ಚಿಕೊಂಡೆ ಅತ್ತೆ, ನಾಳೆ ಹಚ್ಚಿ ಅತ್ತೆ... ಬಟ್ಟಲು ಹೋದ ದಾರಿಯಲ್ಲೇ ವಾಪಸ್. ಮೊದಲು ನಗುತ್ತಿದ್ದ ಅತ್ತೆ ಆಮೇಲೆ ಮೂತಿ ತಿರುವಿದಳು, ಆಮೇಲೆ ಬಟ್ಟಲು ತರುವುದನ್ನೇ ಬಿಟ್ಟಳು.

ಇಷ್ಟರ ಮೇಲೆ ಆ ಮಧ್ಯಾಹ್ನದ ಕೂಗು.

ಅಂದಿನಿಂದ ಮನೆಯ ಗಾಳಿಯೇ ಬದಲಾಯಿತು. ಅವನು ತನ್ನ ಕೋಣೆಗೆ ಬರುವ ಮುಂಚೆ ಹೊರಗೆ ನಿಂತು ಕೆಮ್ಮತೊಡಗಿದ. ಹಾಸಿಗೆ ಹಜಾರಕ್ಕೆ ಹೋಯಿತು. ಸೊಂಟನೋವಿಗೆ ಗಟ್ಟಿ ನೆಲ ಒಳ್ಳೆಯದು ಅಂತ ತಾಯಿಗೆ ಹೇಳಿದ. ಊಟ ಆಯ್ತಾ, ಹೂಂ ಆಯ್ತು. ಅಷ್ಟರಲ್ಲೇ ದಿನದ ಮಾತು ಮುಗಿಯುತ್ತಿತ್ತು.

'ನೋಡಿದ್ದಾರೆ. ನೋಡಿಯೇ ಅಸಹ್ಯ ಆಗಿದೆ. ಬಾಯಿಬಿಟ್ಟು ಹೇಳೋಕೆ ಮನಸ್ಸು ಬರ್ತಿಲ್ಲ, ಅಷ್ಟೇ...'

ನೀರಿನ ಲೋಟವನ್ನು ಅವಳು ಅಂಚು ಹಿಡಿದು ಚಾಚುತ್ತಿದ್ದಳು. ಅವನು ಲೋಟದ ತಳ ಹಿಡಿದು ತೆಗೆದುಕೊಳ್ಳುತ್ತಿದ್ದ, ಬೆರಳು ತಾಗದ ಹಾಗೆ. ಅವಳಿಗೆ ಅದೂ ಅಸಹ್ಯದ ಹಾಗೇ ಕಂಡಿತು. ಕೇಳಿಬಿಡಬಹುದಿತ್ತು. ಆದರೆ ಕೇಳಿದರೆ ಉತ್ತರ ಬಂದುಬಿಡುತ್ತದಲ್ಲ!

ಒಂದು ದಿನ ಪಾಳಿ ಮುಗಿಸಿ ಬಂದಾಗ ಕೋಣೆಯ ಗೋಡೆ ಬೋಳಾಗಿತ್ತು. ಕನ್ನಡಿ ಇದ್ದ ಜಾಗದಲ್ಲಿ ಬಣ್ಣ ಮಾಸದ ಉದ್ದನೆಯ ಪಟ್ಟೆ ಮಾತ್ರ ಉಳಿದಿತ್ತು. ಮಂಚದ ಮೇಲೆ ಚಾದರ ನೀಟಾಗಿ ಮಡಚಿಟ್ಟಿತ್ತು. ಮಂಚದ ಪಕ್ಕ, ನೆಲದ ಮೇಲೆ, ಬೀರುವಿನ ಮೇಲಿಂದ ಇಳಿಸಿದ ಅವಳ ಸೂಟ್‌ಕೇಸು.

ಅವಳು ಸೂಟ್‌ಕೇಸಿನ ಮುಚ್ಚಳ ಎತ್ತಿ ನೋಡಿದಳು. ಖಾಲಿ.

ಹಿಂದೆ ಕೆಮ್ಮು ಕೇಳಿಸಿತು. ಅವನು ಒಳಗೆ ಬಂದು ಬಾಗಿಲ ಪಕ್ಕದಲ್ಲೇ ನಿಂತ, ನೆಂಟರ ಮನೆಗೆ ಬಂದವನ ಹಾಗೆ.

"ನಾಳೆ ನಿನ್ನನ್ನ ತವರಿಗೆ ಬಿಟ್ಟು ಬರ್ತೀನಿ," ಅಂದ. "ತಪ್ಪು ನಂದೇ ಅಂತ ಹಿರಿಯರಿಗೆ ನಾನೇ ಹೇಳ್ತೀನಿ. ನಿನ್ನ ಮೇಲೆ ಮಾತು ಬರೋಕೆ ಬಿಡಲ್ಲ."

ಮುಗಿಯಿತು ಅಂದುಕೊಂಡಳು. ಎಷ್ಟೋ ದಿನಗಳಿಂದ ಕಾಯುತ್ತಿದ್ದ ಏಟು ಬಿದ್ದಾಗಲೂ ನೋವು ಹೊಸದೇ. ನಿಮ್ಮ ತಪ್ಪೇನಿದೆ, ನೋಡಿದ ಮೇಲೆ ಯಾರಾದರೂ ಇದನ್ನೇ ಮಾಡುತ್ತಿದ್ದರು ಅಂತ ಗೋಡೆಗೆ ಹೇಳಿದ ಹಾಗೆ ಹೇಳಿದಳು.

"ಹೌದು, ನೋಡಿದೆ." ಅವನ ದನಿ ಮೊದಲ ಸಲ ಒಡೆಯಿತು. "ಬೀದಿಯಲ್ಲಿ ದುಪಟ್ಟಾ ಜಾರಿದಾಗ ಹೆಂಗಸರು ಎಳ್ಕೊಳ್ತಾರಲ್ಲ, ಹಾಗೆ, ತಲೆ ಕಾಣೋ ಮುಂಚೆಯೇ ಎಳ್ಕೊಂಡೆ ನೀನು. ನನ್ನ ಮುಂದೆ... ಹೊರಗಿನವರ ಮುಂದೆ ತಾನೇ ತಲೆ ಮುಚ್ಚೋದು? ಇವತ್ತಲ್ಲ ನಾಳೆ ನನ್ನನ್ನ ಮನೆಯವನು ಅಂದ್ಕೋತಾಳೆ ಅಂತ ಕಾದೆ. ನಾನಿನ್ನೂ ನಿನಗೆ ಹೊರಗಿನವನೇ. ಇಷ್ಟ ಇಲ್ಲದವಳನ್ನ ಹಿಡಿದಿಟ್ಕೊಂಡು ಏನ್ ಮಾಡ್ಲಿ?"

ಅವಳು ಕಣ್ಣು ಪಿಳಿಪಿಳಿ ಬಿಟ್ಟಳು.

'ಇವರು ನೋಡೇ ಇಲ್ಲ...!'

ನಿಜ ಹೇಳಬೇಕೆಂದರೆ ಅವಳಿಗೆ ಮೊದಲು ಆದದ್ದು ಸಮಾಧಾನ. ಗುಟ್ಟು ಉಳಿದಿತ್ತು. ಈಗ ಬಾಯಿ ಮುಚ್ಚಿಕೊಂಡು ಸೂಟ್‌ಕೇಸು ತುಂಬಿದರೆ ಜಡೆಮ್ಮ ಜಡೆಮ್ಮನಾಗಿಯೇ ತವರಿಗೆ ಹೋಗಬಹುದು. ತಪ್ಪೆಲ್ಲ ಅವನು ಹೊರುತ್ತಾನೆ. ಬಟ್ಟೆ ತೆಗೆದರೆ... ಆಗ ಅವನು ಕಳಿಸುವುದು ಅಸಹ್ಯದಿಂದಲೇ ಇರಬಹುದು. ಈ ಮೋಸಕ್ಕೆ ಕ್ಷಮೆ ಇಲ್ಲದೆಯೂ ಇರಬಹುದು.

ಅವನು ಸೂಟ್‌ಕೇಸನ್ನು ಅವಳ ಕಡೆ ಸರಿಸಲು ಬಗ್ಗಿದ. ಬಲಗೈ ಹೆಬ್ಬೆರಳಿಗೆ ಹೊಸ ಬಟ್ಟೆಪಟ್ಟಿ ಇತ್ತು. ಕನ್ನಡಿ ಇಳಿಸುವಾಗ ಆದ ಗಾಯ. ಒಬ್ಬನೇ ಇಳಿಸಿದ್ದಾನೆ, ಯಾರಿಗೂ ಹೇಳದೆ.

ಅವಳ ಕೈ ತಾನಾಗಿ ಗದ್ದದ ಕೆಳಗಿನ ಪಿನ್ನಿಗೆ ಹೋಯಿತು.

ಅದು ಏನೆಂದು ಅರ್ಥವಾದ ಕೂಡಲೇ ಅವನು ಮುಖ ತಿರುಗಿಸಿ ಗೋಡೆ ನೋಡುತ್ತ ನಿಂತ. "ಬೇಡ. ಬಲವಂತಕ್ಕೆ ಬೇಡ. ನಾನು ಅದಕ್ಕೆ ಹೇಳಿದ್ದಲ್ಲ."

ಒಂದೊಂದೇ ಪಿನ್ನು ಮೇಜಿನ ಮೇಲೆ ಬಿತ್ತು. ಹಿಜಾಬ್ ಭುಜಕ್ಕೆ ಜಾರಿತು. ಒಳಟೋಪಿಯ ಹತ್ತಿರ ಬಂದಾಗ ಅವಳ ಬೆರಳು ನಿಂತೇಹೋಯಿತು. ಉಸಿರು ಕಟ್ಟಿ ಅದನ್ನೂ ಎಳೆದಳು. ಬೋಳು ಜಾಗಗಳಿಗೆ ಫ್ಯಾನಿನ ಗಾಳಿ ತಣ್ಣಗೆ ತಗುಲಿತು.

"ಈ ಕಡೆ ನೋಡಿ," ಅಂದಳು.

ಅವನು ಕದಲಲಿಲ್ಲ.

"ನೋಡ್ರೀ... ನಾನು ಮುಚ್ಚಿದ್ದು ನೀವು ಹೊರಗಿನವರು ಅಂತ ಅಲ್ಲ. ನೀವು ನೋಡಿದ್ರೆ ಎಲ್ಲಿ ನಾನು ಹೊರಗಿನವಳಾಗ್ತೀನೋ ಅಂತ."

ಅವನು ತಿರುಗಿದ.

ಅವಳು ಕಣ್ಣು ಮುಚ್ಚಿ ನಿಂತಳು. ಹೆಜ್ಜೆ ಹತ್ತಿರ ಬಂತು, ನಿಂತಿತು. ಮುಟ್ಟಬಹುದಾ ಅಂತ ಕೇಳಿದ. ಅವಳು ತಲೆಯಾಡಿಸಿದಳು. ಗಾಜು ಗೀರಿದ ಒರಟು ಬೆರಳು ಅವಳ ಕಿವಿಯ ಮೇಲಿನ ಬೋಳನ್ನು ಮೆಲ್ಲಗೆ ಸವರಿತು.

"ನೋಯುತ್ತಾ?"

ಅವಳು ಎಲ್ಲ ಪ್ರಶ್ನೆಗಳಿಗೂ ಉತ್ತರ ಸಿದ್ಧಮಾಡಿಟ್ಟುಕೊಂಡಿದ್ದಳು. ಯಾವಾಗಿಂದ, ಯಾಕೆ ಮುಚ್ಚಿಟ್ಟೆ, ಮೋಸ ಅಲ್ವಾ... ಈ ಒಂದು ಪ್ರಶ್ನೆಯನ್ನು ಮಾತ್ರ ಎಣಿಸಿರಲಿಲ್ಲ. ತಡೆದಿಟ್ಟ ಅಳು ಒಮ್ಮೆಲೇ ಕಟ್ಟೆಯೊಡೆಯಿತು. ಅಳುತ್ತಲೇ ಎಲ್ಲ ಹೇಳಿದಳು. ಒದ್ದೆ ಗಂಟು, ಬಿಗಿ ಟೋಪಿ, ಡಾಕ್ಟರಮ್ಮನ ಮಾತು, ಚಿಕ್ಕಮ್ಮನ ಫೋಟೋ.

ಕೇಳಿ ಮುಗಿದ ಮೇಲೆ ಅವನ ಮುಖದಲ್ಲಿ ಸಿಟ್ಟೂ ಇತ್ತು. ತನಗೆ ಒಂದು ಮಾತು ಹೇಳಬಹುದಿತ್ತು, ಇಷ್ಟು ದಿನ ಇಬ್ಬರೂ ಸುಮ್ಮನೆ ಸತ್ತೆವಲ್ಲ ಅಂದ. ಅವಳು ಹೂಂ ಅಂದಳು.

"ಜಡೆ ನೋಡಿ ಒಪ್ಪಿದ್ರಿ ನೀವು..."

"ಜಡೆ ಕೇಳಿ ಒಪ್ಪಿದ್ದು ಅಮ್ಮ. ನಾನು ಅದಕ್ಕೂ ಮುಂಚೆಯೇ ಒಪ್ಪಿದ್ದೆ." ಅವನ ಕಿವಿ ಮತ್ತೆ ಕೆಂಪಾಯಿತು. "ನಿಮ್ಮ ವಾರ್ಡಿನ ಕಿಟಕಿಗೆ ಗಾಜು ಹಾಕೋಕೆ ಬಂದಿದ್ದೆ. ಒಬ್ಬ ತಾತ ಸೂಜಿ ಬೇಡ ಅಂತ ನಿನ್ನನ್ನ ಬಾಯಿಗೆ ಬಂದ ಹಾಗೆ ಬೈತಿದ್ದ. ನೀನು, ಇನ್ನೊಂದೆರಡು ಬಯ್ಯಿ ತಾತ, ಅಷ್ಟರಲ್ಲಿ ಚುಚ್ಚಿ ಮುಗಿಸ್ತೀನಿ ಅಂದೆ. ತಾತ ನಕ್ಕುಬಿಟ್ಟ. ಮನೆಗೆ ಬಂದವನೇ ಅಮ್ಮನಿಗೆ ಹೇಳಿದೆ, ಹೆಣ್ಣು ಕೇಳೋದಾದ್ರೆ ಅವಳನ್ನೇ ಕೇಳು ಅಂತ. ಆವತ್ತು ನಿನ್ನ ತಲೆ ಮೇಲೆ ಎರಡೆರಡು ಟೋಪಿ ಇತ್ತು. ಒಂದು ಎಳೆ ಕೂದಲೂ ನಾನು ಕಂಡವನಲ್ಲ."

ಅವಳು ಅಳುವುದನ್ನು ಮರೆತು ಅವನನ್ನೇ ನೋಡಿದಳು.

ಅಷ್ಟರಲ್ಲಿ ಬಾಗಿಲು ಸರಿಯಿತು. ಅಳುವಿನ ಸದ್ದು ಕೇಳಿ ಬಂದ ಅತ್ತೆ, ಸೊಸೆಯ ಬರಿ ತಲೆ ಕಂಡು ನಿಂತಲ್ಲೇ ನಿಂತಳು. ಜಡೆಮ್ಮನ ಕೈ ಹಳೆಯ ಚಾಳಿಯಂತೆ ಭುಜದ ಮೇಲಿನ ಹಿಜಾಬಿಗೆ ಹೋಯಿತು, ಅರ್ಧದಲ್ಲೇ ಇಳಿಯಿತು.

"ಇದಕ್ಕಾ ನನ್ನ ಬಟ್ಟಲು ವಾಪಸ್ ಬರ್ತಿದ್ದದ್ದು?" ಅಂದಳು ಅತ್ತೆ ಕೊನೆಗೆ. "ನಾನು ನನ್ನ ಕೈಯೇ ನಿನಗೆ ಆಗಲ್ಲ ಅಂದ್ಕೊಂಡಿದ್ದೆ ಕಣೇ." ಸೆರಗಿನಲ್ಲಿ ಮೂಗು ಒರೆಸಿಕೊಂಡು, ಡಾಕ್ಟರಿಗೆ ತೋರಿಸಿದ್ದೀಯಾ, ಅವರು ಎಣ್ಣೆ ಹಚ್ಚು ಅಂದಿದ್ದಾರೋ ಬೇಡ ಅಂದಿದ್ದಾರೋ ಅಂತ ಗದರಿಸಿ ಕೇಳಿದಳು. ಕೂದಲ ತುದಿಗೆ ಮಾತ್ರ ಅಂದಿದ್ದಾರೆ ಅಂತ ಸೊಸೆ ಪಿಸುಗುಟ್ಟಿದಳು. ಹಾಗಾದರೆ ತುದಿಗೇ ಹಚ್ಚುತ್ತೇನೆ, ಇಷ್ಟು ದಿನದ ಬಾಕಿ ಇದೆ ಅನ್ನುತ್ತ ಅಡುಗೆಮನೆಗೆ ನಡೆದಳು. ಹೋಗುವಾಗ ಸೂಟ್‌ಕೇಸನ್ನು ಕಾಲಿನಿಂದಲೇ ಮಂಚದಡಿ ತಳ್ಳಿದಳು.

ಹಜಾರದಲ್ಲಿ ಗೋಣಿ ಸುತ್ತಿಟ್ಟಿದ್ದ ಕನ್ನಡಿಯನ್ನು ಅಂದು ಸಂಜೆ ಇಬ್ಬರೂ ಸೇರಿ ಒಳಗೆ ತಂದರು. ಹಳೆಯ ಜಾಗಕ್ಕೇ ಹಾಕಲಾ ಅಂತ ಅವನು ಕೇಳಿದ. ಅವಳು ಕಿಟಕಿಯ ಪಕ್ಕ ತೋರಿಸಿದಳು. ಅಲ್ಲಿ ಗಾಳಿ ಬರುತ್ತಿತ್ತು.

ಮರುದಿನ ಬೆಳಗ್ಗೆ ಅವಳು ಆ ಕನ್ನಡಿಯ ಮುಂದೆ ಅವಸರದಲ್ಲಿದ್ದಳು. ಅಂದು ಏಳುವುದೇ ತಡವಾಗಿ ಬಸ್ಸಿಗೆ ಹೊತ್ತಾಗಿತ್ತು, ಕೂದಲಿನ್ನೂ ಒದ್ದೆ. ಒಳಟೋಪಿಗೆ ಕೈ ಹಾಕಿದರೆ ಅದು ಅವನ ಕೈಯಲ್ಲಿತ್ತು.

"ಕೊಡ್ರೀ, ಬಸ್ಸು ತಪ್ಪುತ್ತೆ."

"ತಪ್ಪಲಿ. ಪೂರ್ತಿ ಒಣಗಲಿ. ನಾನು ಬಿಟ್ಟು ಬರ್ತೀನಿ."

ಅವಳು ಕನ್ನಡಿಯಲ್ಲೇ ಅವನನ್ನು ನೋಡಿದಳು. "ಎಲ್ಲಿಗೆ? ತವರಿಗಾ?"

"ಆಸ್ಪತ್ರೆಗೆ." ಅವನು ಅವಳ ಹಿಂದೆ ಬಂದು ನಿಂತ. "ಸಂಜೆ ಕರ್ಕೊಂಡೂ ಬರ್ತೀನಿ."

"ಹಣೆಯದು ವಾಪಸ್ ಬರದೇ ಹೋದ್ರೆ...?"

"ನೀನು ಬಾ, ಸಾಕು."