ಅಪ್ಪನ ಗಾಡಿಯ ಸದ್ದು

"ಬ್ಯಾಡಣ್ಣಾ, ಆ ಸ್ಕ್ರೂ ಮುಟ್ಟಬ್ಯಾಡ!" ಉಡಚಿ ಮಂಜೂರಣ್ಣನ ಕೈ ಹಿಡಿದುಕೊಂಡಳು.

ಮೆಕ್ಯಾನಿಕ್ ಮಂಜೂರನಿಗೆ ನಗು ಬಂತು. "ಅಯ್ಯೋ ತಾಯಿ, ಕಾರ್ಬೊರೇಟರ್ ಟ್ಯೂನ್ ಮಾಡದೆ ಗಾಡಿ ಹೆಂಗೆ ಓಡ್ತೈತೆ? ಹೊಗೆ ನೋಡು, ಇಟ್ಟಿಗೆ ಭಟ್ಟಿ ಆಗೈತೆ!"

ಅದು ಅಪ್ಪನ ಮೊಪೆಡ್. ಪೆಡಲ್ ತುಳಿದರೆ ಸ್ಟಾರ್ಟ್ ಆಗುವ ಪುಟ್ಟ ಗಾಡಿ. ಅಪ್ಪ ಅದರ ಹಿಂದೆ ಬಟ್ಟೆಯ ಗಂಟು ಕಟ್ಟಿಕೊಂಡು ಸೊಕ್ಕೆ ಕಡೆಯ ಹಳ್ಳಿಗಳಿಗೆ ಹೋಗಿ ಸೀರೆ, ಲಂಗದ ಬಟ್ಟೆ ಮಾರುತ್ತಿದ್ದ. ಯುಗಾದಿಗೆ ಮುಂಚೆ ಕಾಮಾಲೆಯಾಗಿ ತೀರಿಕೊಂಡ. ಈಗ ಅವನ ವ್ಯಾಪಾರಕ್ಕೆ ಅವ್ವನ ತಮ್ಮ ಷಣ್ಮುಖ ಮಾವ ಹೋಗಬೇಕು.

ಅಪ್ಪನ ಹಟ ಕೇಳಬೇಡಿ. ಗಾಳಿ ಬಿಡುವ ಆ ಏರ್ ಸ್ಕ್ರೂ ತಾನೇ ಬಿಗಿ ಮಾಡಿ, ಎಂಜಿನ್ನಿಗೆ ಗಾಳಿ ಕಮ್ಮಿ, ಪೆಟ್ರೋಲು ಜಾಸ್ತಿ ಹೋಗುವ ಹಾಗೆ ಇಟ್ಟುಕೊಂಡಿದ್ದ. "ಗಂಟು ಭಾರ ಐತೆ, ಪಾಪ, ಹೊಟ್ಟೆ ತುಂಬ ಕುಡೀಲಿ ಬಿಡು" ಅನ್ನುತ್ತಿದ್ದ. ಅದಕ್ಕೇ ಗಾಡಿ ಗುಡುಗುಡು ಗುಕ್, ಗುಡುಗುಡು ಗುಕ್ ಎಂದು ಬಿಕ್ಕಳಿಸುತ್ತಿತ್ತು. ಬೀದಿಯ ತಿರುವಿನಲ್ಲಿ ಆ ಸದ್ದು ಕೇಳಿದರೆ ಸಾಕು, ಅಪ್ಪ ಬಂದ ಅಂತ ಮನೆಯವರಿಗೆಲ್ಲ ಗೊತ್ತಾಗುತ್ತಿತ್ತು.

ಮಂಜೂರ್ ಸ್ಕ್ರೂ ಸಡಿಲಿಸಿದ. ಬಿಕ್ಕಳಿಕೆ ನಿಂತಿತು. ಟುರ್‌ರ್‌ರ್ ಎಂದು ಒಂದೇ ಸಮನೆ ಓಡಿತು.

"ನೋಡು, ಹೊಸಾ ಗಾಡಿ ಆದಂಗಾತು!"

ಉಡಚಿಗೆ ಅಳು ಬಂತು. ಇದು ಯಾರದೋ ಗಾಡಿಯ ಸದ್ದು. ಅಪ್ಪನದು ಅಂತ ಉಳಿದಿದ್ದೇ ಅದೊಂದು, ಅದೂ ಹೋಯಿತು.

ಮರುದಿನ ಸಂಜೆ ಮಾವ ಕಟಿಂಗ್ ಶಾಪಿಗೆ ಹೋಗಿದ್ದ. ಗಾಡಿ ಅಂಗಳದಲ್ಲಿ ಸ್ಟ್ಯಾಂಡಿನ ಮೇಲೆ ನಿಂತಿತ್ತು. ಉಡಚಿ ಸ್ಕ್ರೂಡ್ರೈವರ್ ತಂದು ಅದೇ ಸ್ಕ್ರೂ ಬಿಗಿ ಮಾಡಿ, ಸೀಟು ಹತ್ತಿ ಪೆಡಲ್ ತುಳಿದಳು. ಸ್ಟಾರ್ಟ್ ಆಗಿ ಆಫ್ ಆಯಿತು. ಚೂರು ಸಡಿಲಿಸಿ ಮತ್ತೆ ತುಳಿದಳು.

ಗುಡುಗುಡು ಗುಕ್!

ಅಪ್ಪಾ! ಖುಷಿಗೆ ಅವಳ ಮೈಯೆಲ್ಲ ಜುಮ್ಮೆಂದಿತು.

ಒಳಗೆ ಏನೋ ಪಾತ್ರೆ ಬಿತ್ತು. ಕಾಲು ತೊಳೆಯಲು ನೀರಿನ ಚೊಂಬು ಹಿಡಿದುಕೊಂಡು ಅವ್ವ ಓಡಿ ಬಂದಳು. "ಬಂದ್ರಾ..." ಅಂದವಳು ಬಾಗಿಲಲ್ಲೇ ನಿಂತುಬಿಟ್ಟಳು. ಅವಳ ಮುಖದ ನಗು ಉಡಚಿಯ ಕಣ್ಣೆದುರೇ ಹೋಯಿತು.

"ಹಾಳಾದ್ ಕಿವಿ ನಂದು" ಎಂದು ಅವ್ವ ಹೊಸ್ತಿಲ ಮೇಲೆ ಕುಸಿದು ಕೂತಳು.

ಉಡಚಿ ಹೆದರಿ ಎಂಜಿನ್ ಆಫ್ ಮಾಡಲು ಹೋದಳು.

"ಇರ್ಲಿ ಕಣೆ" ಅಂದಳು ಅವ್ವ. "ಚೂರು ಹೊತ್ತು ಹಂಗೇ ಇರ್ಲಿ."

ಇಬ್ಬರೂ ಕೇಳುತ್ತ ಕೂತರು. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ನಾಳೆಯಿಂದ ದಿನಾ ಸಂಜೆ ಮಾವ ಇದೇ ಗಾಡಿಯಲ್ಲಿ ಬರುತ್ತಾನೆ. ದಿನಾ ಅವ್ವ ಹೀಗೇ ಬಾಗಿಲಿಗೆ ಓಡಿ ಬಂದರೆ?

ಉಡಚಿ ಕೆಳಗಿಳಿದು ಸ್ಕ್ರೂಡ್ರೈವರ್ ಎತ್ತಿಕೊಂಡಳು. ಕಣ್ಣು ಮಂಜಾಗಿ ಸ್ಕ್ರೂ ಸರಿಯಾಗಿ ಕಾಣಲಿಲ್ಲ, ಬೆರಳಿನಲ್ಲೇ ತಡಕಿದಳು. ಆಮೇಲೆ ಬಿಕ್ಕಳಿಕೆ ನಿಲ್ಲುವವರೆಗೂ ಅದನ್ನು ಮೆಲ್ಲಗೆ ಸಡಿಲಿಸುತ್ತ ಹೋದಳು.